ಹೊಕ್ಕಿನ ಎಳೆ

ಹೊಕ್ಕಿನ ಎಳೆ ಹೊಕ್ಕುಳಿಗೆ ಎಂಬುದು ಮಹದೇವಮ್ಮನವರ ಮನೆಯ ಮಾತು. ಬೇರೆ ಯಾರ ಮನೆಯಲ್ಲೂ ನಾನು ಅದನ್ನು ಕೇಳಿಲ್ಲ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು ಹಾಸು, ಲಾಳಿಯ ಜೊತೆ ಅಡ್ಡಡ್ಡ ಓಡಾಡುವ ನೂಲು ಹೊಕ್ಕು. ಆ ಮನೆಯಲ್ಲಿ ಮಗು ಹುಟ್ಟಿದರೆ, ಆ ಹೊತ್ತಿಗೆ ಮಗ್ಗದ ಮೇಲೆ ಯಾವ ಬಟ್ಟೆ ಇದೆಯೋ ಅದರ ಹೊಕ್ಕಿನಿಂದ ಒಂದು ಎಳೆ ಮುರಿದು ತಂದು ಹೊಕ್ಕುಳಬಳ್ಳಿಗೆ ಕಟ್ಟಬೇಕು. ಹಾಗೆ ಕಟ್ಟಿಸಿಕೊಂಡ ಮಗು ಬಟ್ಟೆಯೊಳಗೆ ಹೊಕ್ಕು ಕೂತಂತೆ ಮನೆಯೊಳಗೆ ಕೂರುತ್ತದೆ, ಬಿಟ್ಟು ಹೋಗುವುದಿಲ್ಲ ಎಂದು ಅವರ ನಂಬಿಕೆ.

ಕೊಳ್ಳೇಗಾಲ ಮದರಾಸು ಬಿಟ್ಟು ಮೈಸೂರಿಗೆ ಸೇರಿದ ಮೇಲೆ ಅಲ್ಲಿನ ಶಾಲೆಗಳಿಗೆ ಕನ್ನಡ ಕಲಿಸುವವರು ಬೇಕಾದರು. ಬಿ.ಎ. ಮುಗಿಸಿ ಯಳಂದೂರಿನ ತವರಿನಲ್ಲಿ ಸುಮ್ಮನೆ ಕೂತಿದ್ದ ನನಗೆ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತು. ನೇಕಾರರ ಬೀದಿಯಲ್ಲಿ ಮಹದೇವಮ್ಮನವರ ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದೆ. ಅವರಿಗೆ ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬನೇ ಮಗ ಚೌಡೇಶ. ನಡುಮನೆಯಲ್ಲಿ ಕುಣಿ ತೋಡಿ ಹೂಡಿದ್ದ ಮಗ್ಗದಲ್ಲಿ ಅವನು ಬೆಳಿಗ್ಗೆಯಿಂದ ಸಂಜೆಯವರೆಗೆ ಮುಗುಟ ನೇಯುತ್ತಿದ್ದ. ಮಡಿಗೆಂದು ಉಡುವ ಆ ದಪ್ಪ ರೇಷ್ಮೆ ಪಂಚೆಗೆ ಬಣ್ಣ ಹಾಕದ, ಅಂಟು ಬಿಡಿಸದ ಹಸಿ ನೂಲೇ ಆಗಬೇಕು. ತಾಯಿ ಪಕ್ಕದಲ್ಲಿ ರಾಟೆ ತಿರುಗಿಸುತ್ತಾ ಕದಿರಿಗೆ ನೂಲು ಸುತ್ತಿಕೊಡುವರು. ನಾನು ಪರೀಕ್ಷೆಯ ಉತ್ತರಗಳನ್ನು ತಿದ್ದುವ ದಿನಗಳಲ್ಲಿ ಅವರು ರಾಟೆಯನ್ನು ಹಿತ್ತಿಲಿಗೆ ಹೊತ್ತೊಯ್ದು ಅಲ್ಲಿ ಕೂರುತ್ತಿದ್ದರು. ಕೇಳಿದರೆ, ಹಿತ್ತಿಲಲ್ಲಿ ಗಾಳಿ ಚೆನ್ನಾಗಿದೆ ಎನ್ನುತ್ತಿದ್ದರು.

ಚೌಡೇಶನ ಹೆಂಡತಿ ರುದ್ರಾಣಿ ನಮ್ಮ ಯಳಂದೂರಿನವಳೇ. ಹೆತ್ತ ತಾಯಿಯ ಮುಖವೂ ಅವಳಿಗೆ ನೆನಪಿರಲಿಲ್ಲ. ಹೆಣ್ಣು ನೋಡಲು ಹೋದಾಗ, ತಾಯಿಯಿಲ್ಲದ ಹುಡುಗಿಗೆ ಬಾಣಂತನ ಮಾಡುವವರು ಯಾರು ಎಂಬ ಮಾತು ಬಂತಂತೆ. ಮಹದೇವಮ್ಮ, ನಾನಿಲ್ಲವೇ, ಎಂದು ಹೇಳಿ ಅಲ್ಲಿಯೇ ಹೂ ಮುಡಿಸಿ ಬಂದರು. ಅತ್ತೆ ಸೊಸೆ ಒಂದೇ ತಟ್ಟೆಯಲ್ಲಿ ಉಣ್ಣುವುದನ್ನು ನಾನು ಮೊದಲು ಕಂಡದ್ದು ಆ ಮನೆಯಲ್ಲಿ. ರುದ್ರಾಣಿಗೆ ಹುಳಿ ಸೇರುತ್ತಿರಲಿಲ್ಲ. ಮಹದೇವಮ್ಮ ತಾವೂ ಹುಳಿ ಬಿಟ್ಟರು.

ಮೊದಲ ಮಗು ಹುಟ್ಟಿದಾಗ ಬೇಸಿಗೆ ರಜೆ. ನಾನು ಯಳಂದೂರಿನಲ್ಲಿದ್ದೆ. ಗಂಡು ಎಂಬ ಸುದ್ದಿ ತಲುಪಿತ್ತು. ಶಾಲೆ ಶುರುವಾಗುವ ಹೊತ್ತಿಗೆ ಒಂದು ಪುಟ್ಟ ಟೋಪಿ ಹೆಣೆದುಕೊಂಡು ಬಂದೆ. ಮನೆಯಲ್ಲಿ ತೊಟ್ಟಿಲು ಇರಲಿಲ್ಲ. ಮಹದೇವಮ್ಮ ನನ್ನ ಕೈಯಿಂದ ಟೋಪಿ ಇಸಿದುಕೊಂಡು, ಬಿಸಿಲಿಗೆ ಬಂದಿದ್ದೀರಿ, ಮೊದಲು ನೀರು ಕುಡಿಯಿರಿ ಎಂದರು. ಬಾಲಗ್ರಹ ತಗುಲಿ ಹೋಯಿತು ಎಂದಷ್ಟೇ ಹೇಳಿದರು.

ಎರಡನೆಯದು ಹೆಣ್ಣು. ಅದು ಹುಟ್ಟಿದಾಗ ನಾನು ಅಲ್ಲೇ ಇದ್ದೆ. ಹೆರಿಗೆಯ ಕೋಣೆಗೆ ಹೋಗುವ ಪ್ರತಿ ಬಟ್ಟೆಯನ್ನೂ ಮಹದೇವಮ್ಮ ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ಯಾರ ನೆರಳೂ ಬೀಳದ ಕಡೆ ಒಣಗಿಸಿದ್ದರು. ಹತ್ತಿಯ ಬಟ್ಟೆಗೆ ಮೈಲಿಗೆ ಹಿಡಿಯುತ್ತದೆ. ಸೂಲಗಿತ್ತಿಗೆ ಕೈ ತೊಳೆಯಲು ಸೀಗೆಪುಡಿ ಕೊಟ್ಟರು. ಒಳಗಿನಿಂದ ಮಗು ಅತ್ತ ಸದ್ದು ಬಂದಾಗ ಹೊರಗೆ ಬಂದು ಮಗ್ಗದ ಹತ್ತಿರ ನಿಂತರು. ಚೌಡೇಶ ಕುಣಿಯಿಂದ ಎದ್ದು ಲಾಳಿ ಕೊಟ್ಟ. ಸಗಣಿ ಸಾರಿಸಿದ ಕುಣಿಯ ಅಂಚಿನಲ್ಲಿ ಹೊಕ್ಕಿನ ಎಳೆ ಇಳಿಬಿದ್ದಿತ್ತು. ಅವರು ಅದನ್ನು ಮುರಿದು, ಒಮ್ಮೆ ಕೊಡವಿ, ಎರಡೂ ಕಣ್ಣಿಗೆ ಒತ್ತಿಕೊಂಡು ಒಳಗೆ ಒಯ್ದರು. ರೇಷ್ಮೆಗೆ ಮೈಲಿಗೆಯಿಲ್ಲ. ಅದನ್ನು ತೊಳೆಯಬೇಕಾಗಿಲ್ಲ. ಜನ ಊಟಕ್ಕೆ, ಪೂಜೆಗೆ, ಶ್ರಾದ್ಧಕ್ಕೆ ಉಡುವ ಮಡಿಯನ್ನು ನೇಯುವ ಮನೆ ಅದು. ಅಲ್ಲಿ ಅದಕ್ಕಿಂತ ಶುದ್ಧವಾದ ವಸ್ತು ಮತ್ತೊಂದಿರಲಿಲ್ಲ.

ಮಗು ಚೆನ್ನಾಗಿತ್ತು. ಹಾಲು ಕುಡಿಯುವಾಗ ಗುಟುಕಿನ ಸದ್ದು ನನ್ನ ಕೋಣೆಗೂ ಕೇಳಿಸುತ್ತದೆ ಎಂದು ನಾನು ರೇಗಿಸಿದರೆ ರುದ್ರಾಣಿ ನಾಚಿ ಸೆರಗು ಮುಚ್ಚುತ್ತಿದ್ದಳು. ಒಂದು ವಾರ ತುಂಬಿರಲಿಲ್ಲ. ಒಂದು ಬೆಳಿಗ್ಗೆ ಮಗು ಬಾಯಿ ತೆರೆಯಲಿಲ್ಲ. ತುಟಿಗಳು ಬಿಗಿದು, ನಗುವಂತೆ ಅಂಚಿಗೆ ಎಳೆದುಕೊಂಡವು. ಮಧ್ಯಾಹ್ನದ ಹೊತ್ತಿಗೆ ಯಾರಾದರೂ ಮುಟ್ಟಿದರೆ ಮೈಯೆಲ್ಲ ಬಿಲ್ಲಿನಂತೆ ಸೆಟೆಯತೊಡಗಿತು. ಬಾಗಿಲು ತೆರೆದ ಸದ್ದಿಗೂ ಸೆಟೆಯುತ್ತಿತ್ತು. ಲಾಳಿ ಓಡಿದರೂ ಅಷ್ಟೆ. ಚೌಡೇಶ ಮಗ್ಗ ನಿಲ್ಲಿಸಿದ. ಆದರೆ ಗೋಡೆಯಾಚೆಯ ಮನೆಯ ಮಗ್ಗ ಹೊಡೆದುಕೊಳ್ಳುತ್ತಿತ್ತು, ಅದರಾಚೆ ಇನ್ನೊಂದು. ಅವನು ಬೀದಿಗೆ ಇಳಿದು ಪಕ್ಕದ ಮನೆಯವರಿಗೆ ಏನು ಹೇಳಿದನೋ ತಿಳಿಯದು. ಸ್ವಲ್ಪ ಹೊತ್ತಿಗೆ ಆ ಮಗ್ಗ ನಿಂತಿತು. ಆಮೇಲೆ ಅದರ ಪಕ್ಕದ್ದು. ಹೀಗೆ ಬೀದಿಯ ಕೊನೆಯವರೆಗೆ ಎಲ್ಲ ಮನೆಗಳ ಮಗ್ಗಗಳೂ ನಿಂತವು. ದಿನದ ನೇಯ್ಗೆಯಲ್ಲಿ ದಿನದ ಊಟ ಕಾಣುವ ಜನ. ಮಾರನೆಯ ದಿನವೂ ಯಾರೂ ಕುಣಿಗೆ ಇಳಿಯಲಿಲ್ಲ. ಆ ಬೀದಿಯಲ್ಲಿ ಅಂಥ ಮೌನವನ್ನು ನಾನು ಆಮೇಲೆ ಎಂದೂ ಕೇಳಲಿಲ್ಲ. ಮಗು ಆ ಮೌನದಲ್ಲೇ ಹೋಯಿತು.

ಸುದ್ದಿ ತಿಳಿದು ಹನೂರಿನಿಂದ ಚೌಡೇಶನ ಸೋದರತ್ತೆ ಚಿಕ್ಕಬಸಮ್ಮ ಬಂದರು. ಅತ್ತು, ಉಂಡು, ಎಲೆ ಅಡಿಕೆ ಹಾಕಿಕೊಂಡು ಜಗುಲಿಯ ಮೇಲೆ ಕೂತ ಮೇಲೆ ಅವರು ಮಾತು ತೆಗೆದರು. ಒಂದು ಹೋದರೆ ಗ್ರಹ, ಎರಡು ಹೋದರೆ ಗರ್ಭ. ಈ ಹುಡುಗಿಯದು ನಂಜಿನ ಹೊಟ್ಟೆ. ಹನೂರಿನಲ್ಲಿ ತಮ್ಮ ನಾದಿನಿಯ ಮಗಳೊಬ್ಬಳಿದ್ದಾಳೆ, ಮೂಗು ಸ್ವಲ್ಪ ಮೊಂಡು, ಆದರೆ ಆ ಮನೆಯ ಹೆಂಗಸರು ಹೆತ್ತದ್ದೆಲ್ಲ ಉಳಿದಿವೆ. ರುದ್ರಾಣಿ ಒಳಗೆ ಕೇಳಿಸುವಷ್ಟು ಹತ್ತಿರದಲ್ಲೇ ಇದ್ದಳು. ಅವರಿಗೂ ಅದು ಗೊತ್ತಿತ್ತು.

ಮಹದೇವಮ್ಮ ರಾಟೆ ನಿಲ್ಲಿಸದೆ ಹೇಳಿದರು: “ನಂಗೂ ಇಂಗೇ ಅಂದಿದ್ರು ನಿಮ್ಮವ್ವ. ನಾಕ್ ಕೂಸ ಮಣ್ಗಾಕಿವ್ನಿ ನಾನು. ನಿಮ್ಮಣ್ಣ ಇನ್ನೊಂದ್ ಕಟ್ಕಂಡಿದ್ರೆ ಈ ಚೌಡೇಸ ಎಲ್ಲಿರ್ತಿದ್ದ? ಬಸ್ಸು ಒಂಟೋಯ್ತದೆ, ಎದ್ದೇಳವ್ವ.”

ಚಿಕ್ಕಬಸಮ್ಮ ಹೋದರು. ಆದರೆ ನಂಜಿನ ಹೊಟ್ಟೆ ಎಂಬ ಮಾತು ಹೋಗಲಿಲ್ಲ. ಬೀದಿಯಲ್ಲಿ ಬಸುರಿಯರು ರುದ್ರಾಣಿಯನ್ನು ಕಂಡರೆ ಪಕ್ಕಕ್ಕೆ ಸರಿಯುವರು. ನೀರಿಗೆ ಹೋದರೆ ಅವಳ ಕೊಡ ಕಡೆಯದು. ಅವಳೇ ತನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಯಾವುದೋ ಪರಕೀಯ ವಸ್ತುವನ್ನು ಮುಟ್ಟಿದಂತೆ ತೆಗೆಯುವುದನ್ನು ನಾನು ಕಂಡಿದ್ದೇನೆ.

ಮೂರನೆಯ ಬಾರಿ ಬಸುರಿಯಾದಾಗ ಅವಳು ಯಾರಿಗೂ ಹೇಳದೆ ಮೊದಲು ನನಗೆ ಹೇಳಿದಳು. ಮೈಸೂರಿನಲ್ಲಿ ಓದಿದವರಲ್ಲವೇ, ನಂಜು ತೆಗೆಯುವ ಔಷಧಿ ಇದ್ದರೆ ಕೊಡಿಸಿ, ಈ ಕೂಸೂ ಹೋದರೆ ನಾನು ಈ ಮನೆಯಲ್ಲಿ ಉಳಿಯಬಾರದು, ಎಂದಳು. ನಾನು ಅವಳನ್ನು ಊರಿನ ಆಸ್ಪತ್ರೆಯ ಡಾಕ್ಟರ್ ಸದಾಶಿವಪ್ಪನವರ ಬಳಿಗೆ ಕರೆದುಕೊಂಡು ಹೋದೆ.

ಸದಾಶಿವಪ್ಪನವರು ಅವಸರದ ಮನುಷ್ಯರಲ್ಲ. ಅವಳಿಗೆ ಕುರ್ಚಿ ಹಾಕಿಸಿ, ತಾವು ಸ್ಟೂಲಿನ ಮೇಲೆ ಕೂತರು. ಕೂಸು ಹುಟ್ಟಿದೊಡನೆ ಅತ್ತಿತೇ? ಹಾಲು ಕುಡಿಯಿತೇ? ಕುಡಿಯುವುದನ್ನು ಬಿಟ್ಟದ್ದು ಯಾವಾಗ? ಮೈ ಬಿಸಿಯಿತ್ತೇ, ಹಳದಿಯಾಗಿತ್ತೇ, ಸೆಟೆಯಿತೇ? ಅವಳು ತಲೆ ತಗ್ಗಿಸಿ ಒಂದೊಂದಕ್ಕೂ ಉತ್ತರ ಹೇಳಿದಳು. ಎರಡು ಕೂಸುಗಳದೂ ಒಂದೇ ಉತ್ತರ. ಕಡೆಗೆ ಅವರು, ಹೊಕ್ಕುಳಬಳ್ಳಿಗೆ ಏನು ಕಟ್ಟಿದಿರಿ ಎಂದರು. ರೇಷ್ಮೆಯ ಎಳೆ ಎಂದಳು. ಕುದಿಸಿದ್ದಿರಾ ಎಂದು ಕೇಳಿದರು. ರೇಷ್ಮೆಗೆ ಯಾತಕ್ಕೆ ಎಂದಳು ಅವಳು.

ಸದಾಶಿವಪ್ಪನವರು ಮಕ್ಕಳಿಗೆ ಪಾಠ ಹೇಳುವಂತೆ ನಿಧಾನವಾಗಿ ಬಿಡಿಸಿ ಹೇಳಿದರು. ನೀವು ಎಲ್ಲವನ್ನೂ ಬಾಲಗ್ರಹ ಎಂದು ಒಂದೇ ಮೂಟೆಗೆ ಕಟ್ಟುತ್ತೀರಿ, ನಾವು ಮೂಟೆ ಬಿಚ್ಚಿ ಬೇರೆ ಬೇರೆ ಮಾಡುತ್ತೇವೆ ಎಂದರು. ಹಸುಗೂಸಿನ ನಂಜು ಹುಟ್ಟಿದ ಒಂದೆರಡು ದಿನದಲ್ಲೇ ತೋರಿದರೆ ಅದು ತಾಯಿಯ ಮೈಯಿಂದ, ಹೆರಿಗೆಯ ದಾರಿಯಲ್ಲಿ ಬಂದದ್ದಿರಬಹುದು. ಕೂಸು ಚೆನ್ನಾಗಿ ಹಾಲು ಕುಡಿದು, ಆಮೇಲೆ ಬಿದ್ದರೆ ಅದು ಸಾಮಾನ್ಯವಾಗಿ ಹೊರಗಿನದು, ಕೈಯಿಂದಲೋ ಬಟ್ಟೆಯಿಂದಲೋ ಬಂದದ್ದು. ಕಣ್ಣಿಗೆ ಹಿಡಿಯುವುದು ಬೇರೆ, ಎದೆಗೆ ಇಳಿಯುವುದು ಬೇರೆ, ಹೊಕ್ಕುಳು ಕೆಂಪಾಗಿ ಕೀವಾಗುವುದು ಬೇರೆ. ಬಾಯಿ ಬಿಗಿದು ಮೈ ಸೆಟೆಯುವುದು ಧನುರ್ವಾಯು. ಅದರ ಬೀಜ ಮಣ್ಣಿನಲ್ಲಿ, ಸಗಣಿಯಲ್ಲಿ ಇರುತ್ತದೆ. ಕತ್ತರಿಸಿದ ಹೊಕ್ಕುಳಿಂದ ಒಳಗೆ ಹೋಗುತ್ತದೆ.

“ನಿನ್ನ ಹೊಟ್ಟೆಗೂ ಅದಕ್ಕೂ ಏನೂ ಸಂಬಂಧ ಇಲ್ಲಮ್ಮ,” ಎಂದರು.

ರುದ್ರಾಣಿ ತಲೆ ಎತ್ತಿದಳು. “ಇನ್ನೊಂದ್ಸಲ ಏಳಿ ಸಾ.”

ಅವರು ಇನ್ನೊಮ್ಮೆ ಹೇಳಿದರು. ಈ ಸಲ ಆಸ್ಪತ್ರೆಯಲ್ಲೇ ಹೆರಬೇಕು, ದಾರವನ್ನು ನಾವು ಕುದಿಸಿ ಕಟ್ಟುತ್ತೇವೆ ಎಂದೂ ಹೇಳಿದರು. ಹೊರಡುವಾಗ ಬಾಗಿಲವರೆಗೆ ಬಂದು, ಯಾರೋ ಒದ್ದು ದೂರ ಸರಿಸಿದ್ದ ಅವಳ ಚಪ್ಪಲಿಯನ್ನು ಕಾಲಿನಿಂದಲೇ ಹತ್ತಿರಕ್ಕೆ ತಳ್ಳಿದರು.

ದಾರಿಯಲ್ಲಿ ಮೊದಲು ಅವಳ ನಡಿಗೆ ಹಗುರವಾಗಿತ್ತು. ನನ್ನನ್ನೇ ಹಿಂದೆ ಹಾಕಿ ನಡೆದಳು. ಕೆರೆಯ ಏರಿಯ ಹತ್ತಿರ ಬರುತ್ತಲೇ ಹೆಜ್ಜೆ ನಿಧಾನವಾಯಿತು. ಅಲ್ಲಿನ ಕಲ್ಲಿನ ಮೇಲೆ ಕೂತುಬಿಟ್ಟಳು. ನೀರು ತರಲೇ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿದಳು.

“ಎಳೆ ಕಟ್ದೋರು ಅತ್ತೆ,” ಎಂದಳು.

ಅಲ್ಲಿಯವರೆಗೂ ನನಗೂ ಅದು ಹೊಳೆದಿರಲಿಲ್ಲ.

“ಅವ್ರ್ಗೆ ಏಳ್ಬ್ಯಾಡಿ ಟೀಚರಮ್ಮ. ಈ ಕೂಸ ನಾವು ಎಂಗಾರ ಉಳಿಸ್ಕಳವಾ. ಆದ್ರೆ ಅತ್ತೆಗೆ ಗೊತ್ತಾಗ್ಬಾರ್ದು. ಗೊತ್ತಾದ್ರೆ ಅವ್ರು ಬದ್ಕಾಕಿಲ್ಲ. ನನ್ ಒಟ್ಟೆ ನಂಜು ಅಂತ್ಲೇ ಇರ್ಲಿ. ನಂಗೇನು, ಅಭ್ಯಾಸ ಆಗದೆ.”

ಜನ ಆಡಿಕೊಳ್ಳುತ್ತಾರಲ್ಲ ಎಂದೆ. ಆಡಿಕೊಳ್ಳಲಿ ಎಂದಳು. ಅವಳ ವಯಸ್ಸು ಆಗ ಇಪ್ಪತ್ತನ್ನು ದಾಟಿತ್ತೋ ಇಲ್ಲವೋ.

ಆಸ್ಪತ್ರೆಯಲ್ಲಿ ಹೆರುವುದಕ್ಕೆ ಮಹದೇವಮ್ಮ ಅಡ್ಡಿ ಹೇಳಲಿಲ್ಲ. ಹುಡುಗಿಗೆ ಧೈರ್ಯ ಬರುವುದಾದರೆ ಎಲ್ಲಾದರೂ ಹೆರಲಿ ಎಂದರು. ಆದರೆ ಎಳೆ ಮಾತ್ರ ತಾವು ಮನೆಯಿಂದ ಒಯ್ಯುವುದಾಗಿ, ಡಾಕ್ಟರ ಕೈಕಾಲು ಹಿಡಿದಾದರೂ ತಾವೇ ಕಟ್ಟುವುದಾಗಿ ಹೇಳಿದರು. ಎರಡು ಕೂಸು ನಿಲ್ಲದಿದ್ದ ಮನೆಯಲ್ಲಿ ಮೂರನೆಯದಕ್ಕೆ ಕಟ್ಟದೆ ಬಿಡುವುದುಂಟೇ? ರುದ್ರಾಣಿ ಒಂದು ವಾರ ಯೋಚಿಸಿದಳು. ಆಮೇಲೆ ಒಂದು ಬೆಳಿಗ್ಗೆ ಮುಖ ತೊಳೆದು ಬಂದು, ಕನಸಿನಲ್ಲಿ ಮನೆದೇವರು ಚೌಡಮ್ಮ ಕಾಣಿಸಿಕೊಂಡಳು, ಈ ಸಲ ಬಿಳಿ ಎಳೆ ಬೇಡ, ಕೆಂಪು ಎಳೆ ಬೇಕು ಎಂದಳು, ಎಂದು ಅತ್ತೆಗೆ ಹೇಳಿದಳು.

ಕೇಳುತ್ತಾ ನಿಂತಿದ್ದ ನನಗೆ ಅವಳ ಉಪಾಯ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಹಸಿ ರೇಷ್ಮೆಗೆ ಬಣ್ಣ ಹತ್ತಬೇಕಾದರೆ ಮೊದಲು ಅದನ್ನು ಸೋಪು ಸೋಡಾದಲ್ಲಿ ಕುದಿಸಿ ಅಂಟು ಬಿಡಿಸಬೇಕು. ಆಮೇಲೆ ಬಣ್ಣದ ನೀರಿನಲ್ಲಿ ಮತ್ತೆ ಕುದಿಸಬೇಕು. ಕುದಿಸಿ ಎಂಬ ಮಾತನ್ನು ಆಡದೆ ಎಳೆಯನ್ನು ಕುದಿಸುವ ದಾರಿ ನೇಕಾರರ ಮನೆಯಲ್ಲಿ ಅದೊಂದೇ.

ಚೌಡೇಶ ತಾಮ್ರದ ಹಂಡೆಗೆ ಸೌದೆ ಒಟ್ಟುತ್ತಾ, “ಇವತ್ ಕೆಂಪು ಕೇಳವ್ಳೆ, ನಾಳೆ ಜರಿ ಕೇಳಿದ್ರೆ ಎಲ್ಲಿಂದ ತರ್ಲೇ?” ಎಂದು ಹೆಂಡತಿಯನ್ನು ರೇಗಿಸಿದ. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ನಗುವಿನ ಸದ್ದು ಕೇಳಿತು. ಮಹದೇವಮ್ಮನೂ ನಕ್ಕರು.

ಕೆಟ್ಟದ್ದು ಅಂದರೆ ಅದೇ ವಾರ ಆಸ್ಪತ್ರೆಯ ನರ್ಸ್ ವಿಜಯಮ್ಮ ಬೀದಿಗೆ ಬಂದದ್ದು. ಅವರು ಬಸುರಿಯರಿದ್ದ ಮನೆಮನೆಗೂ ಹೋಗಿ, ಬ್ಲೇಡನ್ನೂ ದಾರವನ್ನೂ ಕುದಿಸಬೇಕು, ಹೊಕ್ಕುಳಿಗೆ ಬೂದಿ ಗೀದಿ ಹಚ್ಚಬಾರದು ಎಂದು ಹೇಳುತ್ತಿದ್ದರು. ಒಳ್ಳೆಯ ಹೆಂಗಸು. ಮಕ್ಕಳಿಗೆಂದು ಚೀಲದಲ್ಲಿ ಪೆಪ್ಪರಮೆಂಟು ಇಟ್ಟುಕೊಂಡಿರುತ್ತಿದ್ದರು. ಮಹದೇವಮ್ಮ ಹೆಮ್ಮೆಯಿಂದ, ನಮ್ಮದು ಹತ್ತಿ ದಾರ ಅಲ್ಲವ್ವ, ರೇಷ್ಮೆ, ಎಂದರು. ವಿಜಯಮ್ಮ ನಕ್ಕು, ಕೂಸನ್ನು ಕೊಲ್ಲುವ ಕ್ರಿಮಿಗೆ ರೇಷ್ಮೆ ಹತ್ತಿ ಎಂಬ ಜಾತಿ ಇಲ್ಲ ಎಂದುಬಿಟ್ಟರು. ರುದ್ರಾಣಿ ತಟ್ಟನೆ ಎದ್ದು, ಕಾಫಿ ಮಾಡುತ್ತೇನೆ, ಹಾಲು ಉಕ್ಕುತ್ತಿದೆ, ಎಂದು ಏನೇನೋ ಹೇಳಿ ಅವರನ್ನು ಒಳಗೆ ಕರೆದುಕೊಂಡು ಹೋದಳು. ಒಲೆಯ ಮೇಲೆ ಹಾಲೇ ಇರಲಿಲ್ಲ.

ಮಾರನೆಯ ದಿನ ನಾನು ಶಾಲೆಯಿಂದ ಬಂದಾಗ ಮಹದೇವಮ್ಮ ಬಾಗಿಲ ಬೆಳಕಿಗೆ ಕೂತು ಕೆಂಪು ಎಳೆಯನ್ನು ಬೆರಳುಗಳ ನಡುವೆ ಎಳೆದು ನೋಡುತ್ತಿದ್ದರು. ತಮ್ಮ ಕಾಲಿನ ಹೆಬ್ಬೆರಳಿಗೆ ಅದನ್ನು ಸುತ್ತಿ ಗಂಟು ಹಾಕಿದರು. ಗಂಟು ಜಾರಿತು. ಮತ್ತೆ ಹಾಕಿದರು. ಮತ್ತೆ ಜಾರಿತು. ಅಂಟು ಹೋದ ಎಳೆ ನುಣುಪಾಗಿರುತ್ತದೆ, ಬೇಗ ಬಿಗಿಯುವುದಿಲ್ಲ. ಅವರು ಸೊಸೆಯನ್ನು ಕರೆದರು. ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದ ಹಾಸನ್ನು ಎಣಿಸುವಾಗ ಇರುವಂಥ ದನಿ.

“ಚೌಡಮ್ಮ ಕೆಂಪು ಕೇಳಿದ್ಲೋ, ಕುದ್ಸಿದ್ದು ಕೇಳಿದ್ಲೋ?”

ರುದ್ರಾಣಿ ಕೆಂಪು ಎಂದಳು. ನನ್ನ ಕಡೆ ನೋಡಿದಳು. ಆ ನೋಟವನ್ನು ಮಹದೇವಮ್ಮನೂ ನೋಡಿದರು. ಅಷ್ಟು ಸಾಕಾಯಿತು.

ಅವರು ಅಳಲಿಲ್ಲ. ಎಳೆಯನ್ನು ಮಡಿಲಲ್ಲಿ ಇಟ್ಟುಕೊಂಡು, ನಮ್ಮಿಬ್ಬರಿಗೂ ಅಲ್ಲ, ಎದುರಿನ ಗೋಡೆಗೆ ಹೇಳುವಂತೆ ಹೇಳತೊಡಗಿದರು. ಚೌಡೇಶ ಹುಟ್ಟಿದ್ದು ಈ ಮನೆಯಲ್ಲಲ್ಲ. ನಾಲ್ಕು ಹೋದ ಮೇಲೆ ಬೆಟ್ಟದ ದೇವರಿಗೆ ಹರಕೆ ಹೊತ್ತು ಗಾಡಿಯಲ್ಲಿ ಹೊರಟಿದ್ದರು. ದಿನ ತುಂಬಿರಲಿಲ್ಲ. ಹನೂರಿನ ಸಂತೆಮಾಳದ ಹತ್ತಿರ ನೋವು ಬಂತು. ಯಾರೋ ಶಾಗ್ಯ ಹಳ್ಳಿಯ ಹೆಂಗಸು, ಈರುಳ್ಳಿ ಮಾರಲು ಬಂದವಳು, ತನ್ನ ಮೂಟೆಗಳನ್ನು ಸುತ್ತ ಒಟ್ಟಿ ಮರೆ ಮಾಡಿದಳು. ಇಡ್ಲಿ ಬೇಯಿಸುವ ಮುದುಕಿಯ ಹಬೆಯ ಪಾತ್ರೆಯಿಂದ ಬಟ್ಟೆಯೊಂದನ್ನು ಎಳೆದು, ಅದರ ಅಂಚು ಹರಿದು ಹೊಕ್ಕುಳು ಕಟ್ಟಿದಳು. ಅವಳ ಹೆಸರನ್ನೂ ತಾವು ಕೇಳಲಿಲ್ಲ. ಮನೆಗೆ ಬಂದ ಮೇಲೆ ಅತ್ತೆ ಎದೆ ಬಡಿದುಕೊಂಡರು. ಹೊಕ್ಕಿನ ಎಳೆ ಇಲ್ಲದ ಕೂಸು, ಇದು ನಿಲ್ಲುವುದಿಲ್ಲ ಎಂದರು. ಅಂದಿನಿಂದ ಇಂದಿನವರೆಗೂ ಚೌಡೇಶ ಬೀದಿಯ ತಿರುವು ದಾಟಿದರೆ ತಮಗೆ ಎದೆ ಹೊಡೆದುಕೊಳ್ಳುತ್ತದೆ.

“ಎಳೆ ಕಟ್ಟಿದ್ದು ಒಂದೂ ಉಳೀನಿಲ್ಲ,” ಎಂದರು ಮಹದೇವಮ್ಮ. “ಕಟ್ದೆ ಬುಟ್ಟಿದ್ದು ಉಳ್ಕತು. ಕಣ್ಮುಂದೇನೆ ಓಡಾಡ್ತಿತ್ತು. ನಾನು ನೋಡ್ನಿಲ್ಲ.”

ರುದ್ರಾಣಿ ಅವರ ಕಾಲ ಬಳಿ ಕುಸಿದು, ಯಾರಿಗೆ ಗೊತ್ತಿತ್ತು ಅತ್ತೆ, ಯಾರಿಗೂ ಗೊತ್ತಿರಲಿಲ್ಲವಲ್ಲ ಎಂದು ಅಳುತ್ತಿದ್ದಳು. ಮಹದೇವಮ್ಮ ಅವಳ ತಲೆ ನೇವರಿಸಲು ಕೈ ಚಾಚಿ, ಹಾಗೇ ಹಿಂದಕ್ಕೆ ತೆಗೆದುಕೊಂಡರು.

“ನಮ್ಮತ್ತೆ ಸಾಯಗಂಟ ನನ್ ಒಟ್ಟೆ ನಂಜು ಅಂದ್ರು ಕಣವ್ವ. ಅಲ್ಲ ಅಂತ ಇವತ್ ಗೊತ್ತಾಯ್ತು.” ಅವರು ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. “ಒಟ್ಟೇಲಿರ್ನಿಲ್ಲ.”

ಕೆಂಪು ಎಳೆಯನ್ನು ಮಡಿಲಿಂದ ತೆಗೆದು ಸೊಸೆಯ ಕಡೆ ಸರಿಸಿದರು.

ಹೆರಿಗೆ ಸುಲಭವಾಯಿತು. ಹೆಣ್ಣು ಮಗು. ಆಸ್ಪತ್ರೆಯವರು ತಮ್ಮ ದಾರ ಕಟ್ಟಿದರು. ಮಹದೇವಮ್ಮ ಹೊರಗಿನ ಬೇವಿನ ಮರದ ಕೆಳಗೆ ಕೂತಿದ್ದರು. ಒಳಗೆ ಬನ್ನಿ, ಮೊಮ್ಮಗಳನ್ನು ನೋಡಿ ಎಂದು ವಿಜಯಮ್ಮ ಕರೆದರೆ, ಕಿಟಕಿಯಿಂದ ನೋಡಿದೆ, ಕಾಣಿಸಿತು, ಎಂದರು. ಮನೆಗೆ ಬಂದ ಮೇಲೆ ಬಾಣಂತಿಗೆ ಮಾಡಬೇಕಾದ ಪ್ರತಿಯೊಂದನ್ನೂ ಮಾಡಿದರು. ಖಾರ ಅರೆದರು, ಹಂಡೆ ಕಾಯಿಸಿದರು, ಬಟ್ಟೆ ಒಗೆದರು. ಕೂಸನ್ನು ಮಾತ್ರ ಮುಟ್ಟಲಿಲ್ಲ. ಅದು ಅತ್ತರೆ ನನ್ನನ್ನೋ ಪಕ್ಕದ ಮನೆಯವರನ್ನೋ ಕರೆಯುವರು. ಬೀದಿಯ ಎಲ್ಲರೂ ವಾರವೊಂದು ಕಳೆಯುವುದನ್ನೇ ಕಾಯುತ್ತಿದ್ದರು. ವಾರ ಕಳೆಯಿತು. ಮಗು ಬಾಯಿ ತೆರೆದು ಹಾಲು ಕುಡಿಯುತ್ತಲೇ ಇತ್ತು.

ನಾಮಕರಣಕ್ಕೆ ಹನೂರಿನ ಚಿಕ್ಕಬಸಮ್ಮ ಬಂದರು. ತೊಟ್ಟಿಲ ಸುತ್ತ ಹೆಂಗಸರು ನೆರೆದಿದ್ದಾಗ, “ಅಂತೂ ನಮ್ ರುದ್ರಾಣಿ ಒಟ್ಟೆ ನಂಜು ಇಳೀತು ಬುಡಿ. ಆಸ್ಪತ್ರೆಯೋರು ಒಳ್ಳೆ ಸೂಜಿನೇ ಚುಚ್ಚವ್ರೆ,” ಎಂದರು. ಕೆಲವರು ನಕ್ಕರು. ರುದ್ರಾಣಿಯೂ ನಕ್ಕು, ಹೌದು, ಇಳಿಯಿತು, ಎಂದು ಒಪ್ಪಿಕೊಂಡಳು. ಆ ಮಾತು ಅಲ್ಲಿಗೇ ಮುಗಿಯಲಿ ಎಂದು ಅವಳು ಎಷ್ಟು ಆತುರಪಟ್ಟಳೆಂಬುದು ನನಗೆ ಕಾಣುತ್ತಿತ್ತು.

ಕಂಬಕ್ಕೆ ಒರಗಿ ನಿಂತಿದ್ದ ಮಹದೇವಮ್ಮ ಮುಂದೆ ಬಂದರು.

“ಅವಳೊಟ್ಟೇಲಿ ಏನೂ ಇರ್ನಿಲ್ಲ. ಇದ್ದದ್ದು ನನ್ ಕೈಲಿ. ನಾನ್ ಕಟ್ಟಿದ್ ಎಳೇಲಿ. ಎರಡ್ ಕೂಸ್ಗೂ ನಾನೇ ಕಟ್ಟಿದ್ದು. ಇನ್ಮೇಲೆ ಯಾರೂ ಅವಳ್ನ ಅನ್ಬ್ಯಾಡಿ.”

ಚಿಕ್ಕಬಸಮ್ಮ ಬಾಯಿಯ ಎಲೆಯಡಿಕೆಯನ್ನು ಅಗಿಯುವುದನ್ನೇ ಮರೆತರು. ಆಮೇಲೆ ಅವರೇ, ಆ ಒರಟು ಹೆಂಗಸೇ, ಎದ್ದು ಬಂದು ಅತ್ತಿಗೆಯ ತೋಳು ಹಿಡಿದು ಕೂರಿಸಿ ನೀರು ಕೊಟ್ಟರು. ಮಗುವಿಗೆ ಹೆಸರಿಡುವುದನ್ನು ಒಂದು ಗಳಿಗೆ ಎಲ್ಲರೂ ಮರೆತಿದ್ದೆವು. ಗೌರಿ ಎಂದು ಇಟ್ಟರು. ಚೌಡೇಶ ತಾಯಿಯ ಮುಖ ನೋಡಲಾರದೆ ಮಗ್ಗದ ಕುಣಿಯೊಳಗೆ ಇಳಿದು ಸುಮ್ಮನೆ ಕೂತಿದ್ದ. ಆ ದಿನ ಅವನು ನೇಯಲಿಲ್ಲ.

ಕೂಸಿಗೆ ಎರೆಯುವುದು ಅಜ್ಜಿಯ ಕೆಲಸ. ತಾಯಿಯಿಲ್ಲದೆ ಬೆಳೆದ ರುದ್ರಾಣಿಗೆ ಅದು ಬರುತ್ತಿರಲಿಲ್ಲ. ಕಾಲು ಚಾಚಿ ಕೂತು ಮಗುವನ್ನು ಮೇಲೆ ಮಲಗಿಸಿಕೊಂಡರೆ ಅದು ಜಾರುತ್ತಿತ್ತು, ಮೂಗಿಗೆ ನೀರು ಹೋಗುತ್ತಿತ್ತು. ಮಹದೇವಮ್ಮ ಬಚ್ಚಲ ಬಾಗಿಲಲ್ಲಿ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತು ಮಾತಿನಲ್ಲೇ ಹೇಳಿಕೊಡುವರು. ಕತ್ತಿನ ಕೆಳಗೆ ಕೈ ಕೊಡು, ಬೆನ್ನ ಮೇಲೆ ಮೊದಲು ಹೊಯ್ಯಿ, ನೆತ್ತಿಗೆ ಬಿಸಿ ಬೇಡ. ಮಗುವಿಗೆ ಆ ದನಿ ಗುರುತಾಯಿತು. ಅಜ್ಜಿ ಮಾತಾಡಿದರೆ ಅಳು ನಿಲ್ಲಿಸಿ ಕ್ಕೆಕ್ಕೆ ಎಂದು ಸದ್ದು ಮಾಡುತ್ತಿತ್ತು. ರುದ್ರಾಣಿ ದಿನವೂ ಕೇಳುವಳು, ಇವತ್ತಾದರೂ ನೀವು ಎರೆಯಿರಿ ಅತ್ತೆ. ದಿನವೂ ಅವರು ಏನಾದರೊಂದು ಕೆಲಸ ನೆನಪಿಸಿಕೊಂಡು ಹೋಗುವರು. ಒಂದು ದಿನ ರುದ್ರಾಣಿ ಹಟ ಹಿಡಿದಳು. ನೀವು ಎತ್ತಿಕೊಳ್ಳದಿದ್ದರೆ ಈ ಕೂಸಿಗೂ ಅಜ್ಜಿ ಇಲ್ಲ, ನನಗೂ ತಾಯಿ ಇಲ್ಲ, ಎಂದಳು. ಆಗ ಮಹದೇವಮ್ಮ, ಇರು, ಬಂದೆ, ಎಂದು ಒಳಗೆ ಹೋದರು.

ಅವರು ಬರಲಿಲ್ಲ. ನಾನು ಶಾಲೆಗೆ ಹೊರಟವಳು ಹಿತ್ತಿಲ ಕಡೆ ಹಣಿಕಿದೆ. ಬಣ್ಣದ ಹಂಡೆಯ ಒಲೆ ಉರಿಯುತ್ತಿತ್ತು. ನೀರು ಮರಳುತ್ತಿತ್ತು. ಮಹದೇವಮ್ಮ ಅದರ ಮುಂದೆ ಕೂತು ಎರಡೂ ಕೈಗಳನ್ನು ಮಣಿಕಟ್ಟಿನವರೆಗೆ ಒಳಗೆ ಇಳಿಸಿದ್ದರು. ನನ್ನ ಕೂಗಿಗೆ ಚೌಡೇಶ ಓಡಿಬಂದು ತಾಯಿಯನ್ನು ಹಿಂದಕ್ಕೆ ಎಳೆದ. ಅವರು ನೋವಿನ ಮಾತೇ ಆಡಲಿಲ್ಲ. ಎಳೆಯಾದರೆ ಕುದಿಸಿದರೆ ಸಾಕು, ಕೈಗೂ ಸಾಕಲ್ಲವೇ, ಎಂದು ನನ್ನನ್ನು ಕೇಳಿದರು. ಓದಿದವಳೆಂದು ಕೇಳಿದರು. ನಾನು ಅವರನ್ನು ತಬ್ಬಿಕೊಂಡೆ.

ಸದಾಶಿವಪ್ಪನವರು ಮನೆಗೇ ಬಂದು ಮುಲಾಮು ಹಚ್ಚಿ ಎರಡೂ ಕೈಗೆ ದಪ್ಪಗೆ ಬಟ್ಟೆ ಸುತ್ತಿದರು. ಗಾಯ ಮಾಯುತ್ತದೆ, ಆದರೆ ರಾಟೆ ಹಿಡಿಯಲು ಬಹಳ ಕಾಲ ಬೇಕು ಎಂದರು. ಹೋಗುವಾಗ, ನಿಮ್ಮ ಕೈ ಯಾವತ್ತೂ ಕೆಟ್ಟದ್ದಲ್ಲ ತಾಯಿ, ಎಂದು ಮೆಲ್ಲಗೆ ಹೇಳಿದರು. ಮಹದೇವಮ್ಮ ಕೇಳಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ರುದ್ರಾಣಿ ನನ್ನನ್ನು ಕರೆದಳು. ನಾವಿಬ್ಬರೂ ಸೇರಿ ಅವರನ್ನು ಬಚ್ಚಲಲ್ಲಿ ಮಣೆಯ ಮೇಲೆ ಕೂರಿಸಿದೆವು. ಬೇಡ ಕಣವ್ವ, ಬೇಡ ಕಣವ್ವ, ಎನ್ನುತ್ತಲೇ ಇದ್ದರು. ತಳ್ಳಲು ಕೈ ಇರಲಿಲ್ಲ. ರುದ್ರಾಣಿ ಅವರ ಕಾಲುಗಳನ್ನು ತಾನೇ ಎಳೆದು ಜೋಡಿಸಿ, ಸೀರೆಯನ್ನು ಮೊಣಕಾಲಿನವರೆಗೆ ಸರಿಸಿ, ಮಗುವನ್ನು ತಂದು ಆ ಕಾಲುಗಳ ನಡುವಿನ ತಗ್ಗಿನಲ್ಲಿ ಮಲಗಿಸಿದಳು. ಎಷ್ಟೋ ಕೂಸುಗಳಿಗೆ ಎರೆದ ಕಾಲು. ಮಗು ಜಾರಲಿಲ್ಲ. ರುದ್ರಾಣಿ ಚೊಂಬಿನಿಂದ ಸಣ್ಣಗೆ ನೀರು ಹೊಯ್ದಳು. ಮಹದೇವಮ್ಮ ಬಟ್ಟೆ ಸುತ್ತಿದ ಎರಡೂ ಕೈಗಳನ್ನು ಮೇಲೆತ್ತಿ ಹಿಡಿದುಕೊಂಡು, ಬೆನ್ನ ಮೇಲೆ ಮೊದಲು, ಬೆನ್ನ ಮೇಲೆ ಮೊದಲು, ಎನ್ನುತ್ತಾ ಅಳುತ್ತಿದ್ದರು.